ಅಂಗವಿಕಲರ ಓದು ಮತ್ತು ಸಾಲದ ಲೆಕ್ಕ
(ಅತ್ತಿಗುಂಡಿಯಲ್ಲಿ ಮಾಡಿದ ಭಾಷಣ)



ನಾವು ಇಂದು ಕೂಲಿಯ ದರ ಕುರಿತು ಮಾತಾಡಲು ಬಂದಿಲ್ಲ. ಲೈನ್ ಮನೆಗಳಲ್ಲಿ ಬೆಳೆದ ಕಣ್ಣು ಕಾಣದ, ಕಿವಿ ಕೇಳದ, ಕಾಲು ಸ್ವಾಧೀನವಿಲ್ಲದ ಮಕ್ಕಳು ಎಸ್.ಎಸ್.ಎಲ್.ಸಿ. ದಾಟಿದ ಮೇಲೆ ಯಾರ ಹಣದಲ್ಲಿ ಓದಬೇಕು, ಇದೇ ಇಂದಿನ ಪ್ರಶ್ನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಒಪ್ಪಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ 6ರಿಂದ 18 ವಯಸ್ಸಿನವರೆಗೆ ಉಚಿತ ಶಿಕ್ಷಣ, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 5 ಸೀಟು. ಸರಿ. ಆದರೆ ಸೀಟು ಸಿಕ್ಕಿದರೆ ಸಾಲದು. ಹಾಸ್ಟೆಲಿನ ಊಟ, ಜೊತೆಗೆ ಹೋಗುವವರ ಬಸ್ಸಿನ ಖರ್ಚು, ಶ್ರವಣಯಂತ್ರದ ರಿಪೇರಿ, ಇವೆಲ್ಲ ತಾಯಿತಂದೆಯ ತಲೆಗೆ.

ಕೇಂದ್ರ ಸರ್ಕಾರ ಮೆಟ್ರಿಕ್ ನಂತರದ ಓದಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಕುಟುಂಬದ ವಾರ್ಷಿಕ ವರಮಾನ 2.5 ಲಕ್ಷ ಮೀರಬಾರದು. ಸ್ಥಾನಗಳು ಮಾತ್ರ ಇಂತಿಷ್ಟೇ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅರ್ಹರಾದವರೆಲ್ಲರಿಗೂ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ.

ಇದಕ್ಕೆ ಬೇಕಾದ ಕಾಗದಗಳ ಕಥೆ ನಿಮಗೇ ಗೊತ್ತು. ವೈಕಲ್ಯದ ಗುರುತಿನ ಚೀಟಿಗೆ ಮಗುವನ್ನು ಎತ್ತಿಕೊಂಡು ಗಿರಿಯಿಳಿದು ಚಿಕ್ಕಮಗಳೂರಿಗೆ ಹೋಗಬೇಕು. ವರಮಾನ ಪತ್ರಕ್ಕೆ ನಾಡಕಚೇರಿ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ. ಒಂದೊಂದು ಸುತ್ತಿಗೂ ಒಂದು ದಿನದ ಕೂಲಿ ಖೋತಾ. ಬೆರಳ ಗುರುತು ಒತ್ತಿ ಎನ್ನುತ್ತಾರೆ; ಗಿಡ ಕಸಿ ಮಾಡಿ, ಹಣ್ಣು ಕುಯ್ದು ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ! ಕುಯ್ಲಿನ ಹಣ ಮುಗಿದು ಮಳೆ ಹಿಡಿದಾಗಲೇ ಫೀಸು ಕಟ್ಟುವ ಕಾಲ ಬರುತ್ತದೆ. ಸಹಾಯಧನ ಬರುವುದು ಆಮೇಲೆ. ಆ ನಡುವಿನ ತಿಂಗಳುಗಳಲ್ಲೇ ಸಾಲ ಮನೆ ಹೊಕ್ಕುತ್ತದೆ.

ಕೈಸಾಲಕ್ಕಿಂತ ಬ್ಯಾಂಕಿನ ಸಾಲ ಮೇಲು, ಇದರಲ್ಲಿ ನಮಗೆ ಸಂದೇಹವಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ತಾಯಿ ಅಥವಾ ತಂದೆ ಜೊತೆಗೆ ಸಹಿ ಹಾಕಬೇಕು. ತುಂಡು ಭೂಮಿಯೂ ಇಲ್ಲದವರಿಗೆ ಇದು ದೊಡ್ಡ ಮಾತು. "ಕುರುಡರಿಗೆ ಸಾಲ ಹೇಗೆ ಕೊಡುವುದು?" ಎಂದು ಯಾರಾದರೂ ಕೇಳಿದರೆ, ಅಂಧರು ಕರಾರಿಗೆ ಅರ್ಹರು, ಅವರಿಗೆ ಸಾಲವೂ ಸೇರಿದಂತೆ ಯಾವ ಸೌಲಭ್ಯವನ್ನೂ ಭೇದವಿಲ್ಲದೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2008ರಲ್ಲೇ ಆದೇಶಿಸಿದೆಯೆಂದು ಹೇಳಿ.

ತೊಡಕು ಬಡ್ಡಿಯಲ್ಲಿದೆ. ಮೂರು ವರ್ಷದ ಕೋರ್ಸು ಶಸ್ತ್ರಚಿಕಿತ್ಸೆಯಿಂದಲೋ, ಪಾಠ ಬರೆದುಕೊಡುವವರು ಸಿಗದೆಯೋ ನಾಲ್ಕಾಗುತ್ತದೆ. ಶೇಕಡಾ 10ರ ಸರಳಬಡ್ಡಿಯೆಂದೇ ಇಟ್ಟುಕೊಳ್ಳಿ, 4 ಲಕ್ಷಕ್ಕೆ ಆ ಒಂದು ವರ್ಷದ ಬೆಲೆ 40,000 ರೂಪಾಯಿ. ವೈಕಲ್ಯಕ್ಕೆ ಹಾಕಿದ ತೆರಿಗೆ ಎಂದರೆ ಇದೇ. ಅದೇ ಮಾದರಿ ಯೋಜನೆಯಲ್ಲಿ, ಕೋರ್ಸು ಹೊತ್ತಿಗೆ ಮುಗಿಯದಿದ್ದರೆ ಎರಡು ವರ್ಷದವರೆಗೆ ಅವಧಿ ವಿಸ್ತರಿಸಬಹುದೆಂದಿದೆ. ಕಂತು ಆರಂಭವಾಗುವ ಮೊದಲೇ ವೈದ್ಯರ ಪತ್ರವಿಟ್ಟು, ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಬೆಲೆಯಿಲ್ಲ. ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ, ವರಮಾನ 4.5 ಲಕ್ಷದೊಳಗಿನವರಿಗೆ, ಅದು ವೃತ್ತಿ ಮತ್ತು ತಾಂತ್ರಿಕ ಕೋರ್ಸುಗಳಿಗೆ. ಬಿ.ಎ. ಓದುವ ಹುಡುಗಿಗಿಲ್ಲ. ಬಡವರ ಮಕ್ಕಳು ಹೆಚ್ಚಾಗಿ ಸೇರುವುದು ಯಾವುದಕ್ಕೆ ಎಂದು ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ.

ಬಂಡವಾಳಶಾಹಿಯ ತವರಾದ ಅಮೆರಿಕವನ್ನೇ ನೋಡಿ. ಅಲ್ಲಿ ದುಡಿಯಲಾರದಷ್ಟು ಶಾಶ್ವತ ವೈಕಲ್ಯವುಳ್ಳವರ ಸರ್ಕಾರಿ ವಿದ್ಯಾಸಾಲವನ್ನು ಮನ್ನಾ ಮಾಡುವ ಕಾನೂನಿದೆ. ಅರ್ಜಿ, ವರಮಾನದ ದಾಖಲೆ ಎಂದು ಅಲ್ಲಿಯೂ ಜನ ಬಹಳ ವರ್ಷ ಅಲೆದರು. 2021ರಲ್ಲಿ ಸರ್ಕಾರ ತನ್ನದೇ ಎರಡು ಇಲಾಖೆಗಳ ಪಟ್ಟಿಯನ್ನು ತಾಳೆ ನೋಡಿ, ಅರ್ಜಿ ಕೇಳದೆಯೇ 3,23,000 ಜನರ 580 ಕೋಟಿ ಡಾಲರ್ ಸಾಲ ರದ್ದುಮಾಡಿತು. ಯಾರು ಅಂಗವಿಕಲರೆಂಬುದು ಸರ್ಕಾರಕ್ಕೆ ಮೊದಲೇ ಗೊತ್ತಿತ್ತು!

ನಮ್ಮ ಸರ್ಕಾರಕ್ಕೂ ಗೊತ್ತಿದೆ. ಗುರುತಿನ ಚೀಟಿಗೆ ಸಂಖ್ಯೆ ಕೊಟ್ಟದ್ದು ಅದೇ ಅಲ್ಲವೇ? ಆ ಸಂಖ್ಯೆಯೊಂದರಿಂದಲೇ ವಿದ್ಯಾರ್ಥಿವೇತನ ಫೀಸಿನ ದಿನಕ್ಕೆ ಮೊದಲು ಬರಲಿ. ಸಹಾಯ ತಡವಾದ ತಿಂಗಳುಗಳ ಬಡ್ಡಿಯನ್ನು ತಡಮಾಡಿದವರೇ ಹೊರಲಿ. ಸಾಲಗಾರನೇ ದುಡಿಯಲಾರದಂತಾದರೆ ಸಾಲ ಅಲ್ಲಿಗೆ ಮುಗಿಯಲಿ. ನಾವು ಕೇಳುವುದಿಷ್ಟೆ.

ಅಲ್ಲಿಯವರೆಗೆ ಕೆಲಸ ನಿಲ್ಲಬಾರದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಂದ ಅರ್ಜಿ ತುಂಬಿಸುವುದು ನಿಮ್ಮ ಹಕ್ಕು, ಅವರ ಉಪಕಾರವಲ್ಲ. ಅಂಗವಿಕಲರಿಗೆಂದು ಪಂಚಾಯಿತಿ ತೆಗೆದಿಡಬೇಕಾದ ಶೇಕಡಾ 5ರ ಹಣ ಎಲ್ಲಿ ಹೋಯಿತೆಂದು ಗ್ರಾಮಸಭೆಯಲ್ಲಿ ಕೇಳಿ. ಕಾಗದ ತಂದವರು ಸಭೆ ಮುಗಿದ ಮೇಲೆ ಇಲ್ಲೇ ಇರಿ, ಒಂದೊಂದಾಗಿ ನೋಡೋಣ.