ರೂಮಿಗೆ ಬೀಗ ಹಾಕಿದ ಆ ಮೂರು ದಿನ

ಈ ಎಪಿಸೋಡ್‌ನ ಎರಡು ಸಲ ರೆಕಾರ್ಡ್ ಮಾಡಿ ಎರಡು ಸಲಾನೂ ಡಿಲೀಟ್ ಮಾಡಿದ್ದೀನಿ. ಯಾಕಂದ್ರೆ ಇದರಲ್ಲಿ ನನ್ನ ತಪ್ಪೂ ಇದೆ. ಇದು ಮೂರನೇ ಸಲ, ಹೇಳಿಬಿಡ್ತೀನಿ.

ನನ್ನ ಫ್ರೆಂಡ್ ಒಬ್ಬ. ಹೆಸರು ಬೇಡ. ಅವನನ್ನ ಕೇಳಿ, ಅವನು ಹೂಂ ಅಂದ ಮೇಲೇನೇ ಮಾತಾಡ್ತಾ ಇದ್ದೀನಿ. ದಾವಣಗೆರೆಯಲ್ಲಿ ಬಿ.ಕಾಂ. ಮೂರು ವರ್ಷ ಒಂದೇ ಬೆಂಚು, ಆಮೇಲೆ ಬೆಂಗಳೂರಲ್ಲಿ ಒಂದೇ ರೂಮು. ಮಳೆಗಾಲದಲ್ಲಿ ಬೈಕ್ ಸ್ಕಿಡ್ ಆಗಿ ಅವನ ಸೊಂಟಕ್ಕೆ ಪೆಟ್ಟು ಬಿತ್ತು. ಡಾಕ್ಟರ್ ಐದು ದಿನಕ್ಕೆ ಅಂತ ಟಪೆಂಟಡಾಲ್ ಅನ್ನೋ ಮಾತ್ರೆ ಬರೆದುಕೊಟ್ರು. ಆರನೇ ದಿನ ಅದೇ ಹಳೇ ಚೀಟಿ ತೋರಿಸಿದ, ಮೆಡಿಕಲ್ ಶಾಪಲ್ಲಿ ಕೊಟ್ರು. ಒಂದು ತಿಂಗಳಾದ ಮೇಲೆ ಅಂಗಡಿಯವರು ಚೀಟಿ ಕೇಳೋದನ್ನೇ ಬಿಟ್ರು.

ಟಪೆಂಟಡಾಲ್ ಒಂದು ಓಪಿಯಾಯ್ಡ್. ಅಫೀಮು, ಮಾರ್ಫಿನ್, ಹೆರಾಯಿನ್ ಇವೆಲ್ಲ ಮೆದುಳಲ್ಲಿ ಯಾವ ಜಾಗದಲ್ಲಿ ಕೆಲಸ ಮಾಡುತ್ತೋ ಇದೂ ಅಲ್ಲೇ. "ಡ್ರಗ್ಸ್" ಅಂದ ತಕ್ಷಣ ನಮಗೆ ರೇವ್ ಪಾರ್ಟಿ, ಪೊಲೀಸ್ ರೇಡ್ ನೆನಪಾಗುತ್ತೆ. ಆದ್ರೆ ಕೇಂದ್ರ ಸರ್ಕಾರಕ್ಕೋಸ್ಕರ ದೆಹಲಿಯ ಏಮ್ಸ್ ಮಾಡಿದ ರಾಷ್ಟ್ರೀಯ ಸರ್ವೆ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 2 ಜನ ಓಪಿಯಾಯ್ಡ್ ಬಳಸ್ತಾರೆ. ಅದರಲ್ಲಿ ಮೆಡಿಕಲ್ ಶಾಪಲ್ಲಿ ಸಿಗೋ ಮಾತ್ರೆ, ಸಿರಪ್ ಬಳಸೋರು ಅಫೀಮು ಬಳಸೋರಿಗಿಂತ ಜಾಸ್ತಿ.

ಸರಿ, ಕಥೆಗೆ ಬರೋಣ. ಅವನ ಬ್ಯಾಗಲ್ಲಿ ಸ್ಟ್ರಿಪ್‌ಗಳು ಸಿಕ್ಕಾಗ ನಾನು ಹೀರೋ ಆಗೋಕೆ ಹೋದೆ. ನಾಲ್ಕು ವಿಡಿಯೋ ನೋಡಿ, "ಮಗಾ, ಮೂರು ದಿನ ತಡ್ಕೋ, ನಾನಿದ್ದೀನಿ" ಅಂತ ರೂಮಿಗೆ ಬೀಗ ಹಾಕಿದೆ. ಮೊದಲ ದಿನ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈಯೆಲ್ಲ ರೋಮಾಂಚನ. ನೆಗಡಿ ಇರಬೇಕು ಅನ್ಕೊಂಡೆ. ಎರಡನೇ ದಿನ ವಾಂತಿ, ಭೇದಿ, ಕಾಲು ಸೆಳೆತ. ಮೂರನೇ ದಿನ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ತಾ ಇರಲಿಲ್ಲ. ಗೋಡೆಗೆ ಒರಗಿಕೊಂಡು, "ಲೋ, ಸತ್ತೋಗ್ತೀನಿ ಕಣೋ" ಅಂದ. ನಾಟಕ ಅನ್ಕೊಂಡೆ. ನಾಟಕ ಆಗಿರಲಿಲ್ಲ. ಈ ವಿತ್‌ಡ್ರಾವಲ್‌ನಲ್ಲಿ ಎಲ್ಲರೂ ಸಾಯಲ್ಲ ನಿಜ, ಆದ್ರೆ ವಾಂತಿ ಭೇದಿಯಿಂದ ದೇಹದ ನೀರು, ಉಪ್ಪಿನಂಶ ಖಾಲಿಯಾಗಿ ಜೀವ ಹೋಗೋದುಂಟು. ಅವತ್ತು ಸಂಜೆ ನಾನೇ ಬೀಗ ತೆಗೆದೆ. ಅವನು ಸೀದಾ ಮೆಡಿಕಲ್ ಶಾಪಿಗೆ ಹೋದ.

ಆಮೇಲೆ ಅವರಪ್ಪ ಯಾರದೋ ಮಾತು ಕೇಳಿ ಒಂದು ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸಿದ್ರು. ದೊಡ್ಡ ಕಾಂಪೌಂಡು, ಬೆಳಗ್ಗೆ ಯೋಗ, ಫೋನ್ ಇಲ್ಲ. ಡಾಕ್ಟರ್ ಮಾತ್ರ ಇರಲಿಲ್ಲ. ನಲವತ್ತೈದು ದಿನ ಆದ ಮೇಲೆ ಮೈ ಕೈ ತುಂಬ್ಕೊಂಡು ವಾಪಸ್ ಬಂದ. ಅವರಮ್ಮ ಹೋಳಿಗೆ ಮಾಡಿದ್ರು. ಎಲ್ಲ ಮುಗೀತು ಅಂತ ನಾವೂ ತಿಂದ್ವಿ.

ಒಂಬತ್ತನೇ ದಿನ ಬಾತ್‌ರೂಮಲ್ಲಿ ಬಿದ್ದಿದ್ದ. ತುಟಿ ನೀಲಿ. ಗೊರಕೆ ಥರ ಒಂದು ಶಬ್ದ, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. 108ಕ್ಕೆ ಫೋನ್ ಮಾಡಿದ್ವಿ. ಆಸ್ಪತ್ರೆಯಲ್ಲಿ ನಾಲಾಕ್ಸೋನ್ ಇಂಜೆಕ್ಷನ್ ಕೊಟ್ರು. ಓಪಿಯಾಯ್ಡ್‌ನ ಕೆಲಸಾನ ಕೆಲವೇ ನಿಮಿಷದಲ್ಲಿ ತಡೆಯೋ ಔಷಧಿ ಅದು. ಉಸಿರು ವಾಪಸ್ ಬಂತು.

ವಿಷಯ ಏನಂದ್ರೆ, ಅವನು ತಗೊಂಡಿದ್ದು ಹಳೇ ಡೋಸ್, ಮೊದಲು ದಿನಾ ತಗೊಳ್ತಾ ಇದ್ದಷ್ಟೇ. ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ, ನನಗೆ ಬರೋದು ಅದೊಂದೇ. ದಿನಾ ತಗೊಳ್ತಾ ಇದ್ರೆ ದೇಹದ ಕ್ರೆಡಿಟ್ ಲಿಮಿಟ್ ಏರುತ್ತಾ ಹೋಗುತ್ತೆ. ಕೆಲವು ವಾರ ಬಿಟ್ರೆ ಲಿಮಿಟ್ ಸರ್ರನೆ ಇಳಿಯುತ್ತೆ. ಆದ್ರೆ ಆಸೆಗೆ ಹಳೇ ಲಿಮಿಟ್ಟೇ ನೆನಪಿರೋದು. ಅದಕ್ಕೇ ಸೆಂಟರ್‌ನಿಂದಲೋ ಜೈಲಿನಿಂದಲೋ ಹೊರಗೆ ಬಂದ ಮೊದಲ ಕೆಲವು ವಾರಗಳೇ ತುಂಬಾ ಅಪಾಯ. ಔಷಧಿ ಇಲ್ಲದೆ, ಫಾಲೋ-ಅಪ್ ಇಲ್ಲದೆ ಬರೀ ಬಿಡಿಸಿ ಕಳಿಸಿದ್ರೆ ಅವನನ್ನ ಆ ಅಪಾಯದ ಬಾಗಿಲಿಗೇ ಬಿಟ್ಟು ಬಂದ ಹಾಗೆ.

ಈಗ ಅವನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಟ್ರೀಟ್‌ಮೆಂಟ್ ನಡೀತಿದೆ. ಬ್ಯುಪ್ರೆನಾರ್ಫಿನ್ ಮತ್ತು ನಾಲಾಕ್ಸೋನ್ ಸೇರಿದ ಮಾತ್ರೆ, ನಾಲಿಗೆ ಕೆಳಗೆ ಇಟ್ಕೊಳ್ಳೋದು. ಬ್ಯುಪ್ರೆನಾರ್ಫಿನ್ ಕೂಡ ಓಪಿಯಾಯ್ಡೇ, ಆದ್ರೆ ಒಂದು ಮಟ್ಟ ದಾಟಿ ಅದರ ಪರಿಣಾಮ ಏರಲ್ಲ. ವಿತ್‌ಡ್ರಾವಲ್ ತಡೆಯುತ್ತೆ, ಆಸೆ ತಗ್ಗಿಸುತ್ತೆ. ನಾಲಾಕ್ಸೋನ್ ಯಾಕೆ ಸೇರಿಸ್ತಾರೆ? ಯಾರಾದ್ರೂ ಕರಗಿಸಿ ಚುಚ್ಕೊಂಡ್ರೆ ಮಜಾ ಬರಬಾರದು ಅಂತ.

ಇದನ್ನೂ ಫ್ರೆಂಡ್ ಹತ್ರ ಇಸ್ಕೊಂಡು ಶುರು ಮಾಡೋ ಹಾಗಿಲ್ಲ. ಮೊದಲ ಡೋಸ್‌ಗೆ ಅವನನ್ನ ಕಾಯಿಸಿದ್ರು. ಕಣ್ಣಿನ ಪಾಪೆ, ನಾಡಿ, ಬೆವರು ಎಲ್ಲ ನೋಡಿ, ವಿತ್‌ಡ್ರಾವಲ್ ನಿಜವಾಗ್ಲೂ ಶುರುವಾಗಿದೆ ಅಂತ ಖಾತ್ರಿ ಆದ ಮೇಲೇನೇ ಕೊಟ್ಟಿದ್ದು. ಹಳೇ ಮಾತ್ರೆ ಮೈಯಲ್ಲಿ ಇರುವಾಗಲೇ ಕೊಟ್ರೆ ಇದು ಅದನ್ನ ತಳ್ಳಿ ತಾನು ಕೂತ್ಕೊಳ್ಳುತ್ತೆ. ಎರಡು ದಿನದ ನರಕ ಅರ್ಧ ಗಂಟೆಯಲ್ಲಿ ಬರುತ್ತೆ. ನಿದ್ದೆ ಮಾತ್ರೆ ಅಥವಾ ಎಣ್ಣೆ ಜೊತೆ ಸೇರಿದ್ರೆ ಉಸಿರಾಟಕ್ಕೇ ತೊಂದರೆ. ಲಿವರ್ ಟೆಸ್ಟ್ ಬೇಕು. ಗರ್ಭಿಣಿಯರಿಗಂತೂ ದಿಢೀರ್ ಅಂತ ನಿಲ್ಲಿಸೋದು ತಾಯಿಗೂ ಮಗುಗೂ ಅಪಾಯ. ಇಷ್ಟೆಲ್ಲ ಲೆಕ್ಕ ರೂಮ್‌ಮೇಟ್ ಕೈಲಿ ಆಗಲ್ಲ.

ಅವರಪ್ಪನ ತಕರಾರು ಇನ್ನೂ ಇದೆ. "ಒಂದು ಮಾತ್ರೆ ಬಿಟ್ಟು ಇನ್ನೊಂದು ಹಿಡಿದ, ಏನು ಬಂತು?" ಅಂತಾರೆ. ಅಂಕಲ್‌ಗೆ ಶುಗರ್ ಇದೆ, ದಿನಾ ಮಾತ್ರೆ ನುಂಗ್ತಾರೆ. ಅದನ್ನ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ. ಬ್ಯುಪ್ರೆನಾರ್ಫಿನ್, ಮೆಥಡೋನ್ ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಎಷ್ಟು ತಿಂಗಳು, ಎಷ್ಟು ವರ್ಷ ಬೇಕು ಅನ್ನೋದು ಡಾಕ್ಟರ್ ಮತ್ತು ಅವನು ಕೂತು ತೀರ್ಮಾನ ಮಾಡೋದು. ನಮ್ಮ ಮರ್ಯಾದೆ ಪ್ರಶ್ನೆಗೆ ಅದರಲ್ಲಿ ಜಾಗ ಇಲ್ಲ.

ಮನೇಲಿ ಯಾರನ್ನಾದ್ರೂ ಸೆಂಟರ್‌ಗೆ ಸೇರಿಸೋ ಮಾತು ನಡೀತಿದ್ರೆ, ಡಾಕ್ಟರ್ ಯಾರು, ಎಷ್ಟು ಹೊತ್ತು ಇರ್ತಾರೆ, ಮಾನಸಿಕ ಆರೋಗ್ಯ ಕಾಯ್ದೆ 2017ರ ಅಡಿ ನೋಂದಣಿ ಆಗಿದೆಯಾ, ಹೊರಗೆ ಬಂದ ಮೇಲೆ ಏನು ಪ್ಲಾನ್ ಅಂತ ಕೇಳಿ. ಉತ್ತರ ಹಾರಿಕೆದಾಗಿದ್ರೆ ಗೇಟಿಂದಲೇ ವಾಪಸ್ ಬನ್ನಿ. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಅಂತ ಪ್ರತ್ಯೇಕ ವಿಭಾಗ ಇದೆ. ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗದಿದ್ರೆ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡೋ ಹಾಗಿಲ್ಲ.

ಮಂಗಳವಾರ ಅವನ ಫಾಲೋ-ಅಪ್ ಇದೆ. ಓಪಿಡಿ ಸಾಲು ಉದ್ದ ಇರುತ್ತೆ, ಬೆಳಗ್ಗೆ ಏಳಕ್ಕೇ ಹೊರಡ್ಬೇಕು. ಈ ಸಲ ಅವರಪ್ಪನೂ ಬರ್ತೀನಿ ಅಂದಿದ್ದಾರೆ.