ಪರೀಕ್ಷೆಗೆ ಒಳಗಾಗುವವರ ಪರವಾಗಿ

ನಾವು ತಿಂದ ರೊಟ್ಟಿಯಲ್ಲಿರುವ ಕಬ್ಬಿಣದ ಅಂಶದಲ್ಲಿ ಎಷ್ಟು ಪಾಲು ಮೈಗೆ ಹತ್ತುತ್ತದೆ? ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳ ದೃಷ್ಟಿಯಿಂದ ಇದು ದೊಡ್ಡ ಪ್ರಶ್ನೆ. ಹಿಟ್ಟಿನಲ್ಲಿ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಕಬ್ಬಿಣವನ್ನು ಬೆರೆಸಿ, ಅದು ದೇಹದಲ್ಲಿ ಎಷ್ಟು ಉಳಿಯಿತೆಂದು ಉಪಕರಣದಿಂದ ಅಳೆಯುವುದು ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯ.

1969ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಹೀಗೆಯೇ ಮಾಡಿದರು. ಅಲ್ಲಿ ನೆಲೆಸಿದ್ದ, ಭಾರತ ಉಪಖಂಡದ ಮೂಲದ ಸುಮಾರು 21 ಮಂದಿ ಹೆಂಗಸರ ಮನೆಗೆ ಇಂಥ ಚಪಾತಿಗಳು ಹೋದವು. ಅವರಲ್ಲಿ ಹಲವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. 1995ರಲ್ಲಿ ಟೆಲಿವಿಷನ್ ಚಿತ್ರವೊಂದು ಈ ಸಂಗತಿಯನ್ನು ಹೊರಗೆಡಹಿದಾಗ, ಚಪಾತಿಯಲ್ಲಿ ಏನಿತ್ತೆಂಬುದೇ ತಮಗೆ ತಿಳಿದಿರಲಿಲ್ಲವೆಂದರು ಕೆಲವರು. ವಿಕಿರಣದ ಪ್ರಮಾಣ ತೀರ ಕಡಿಮೆಯೇ ಇದ್ದಿತು. ಆದರೆ ಪ್ರಮಾಣ ಕಡಿಮೆಯಾದ ಮಾತ್ರಕ್ಕೆ ಕೇಳದೆ ಉಣಿಸಬಹುದೆ?

ರೋಗಿಗೆ ಕೊಡುವ ವಿಕಿರಣಶೀಲ ಔಷಧದಿಂದ ಆ ರೋಗಿಗೇ ಪ್ರಯೋಜನವುಂಟು. ಸಂಶೋಧನೆಗಾಗಿ ಸೇವಿಸಿದವರಿಗೆ ಅಂಥ ಲಾಭವಿಲ್ಲ. ತಿಳಿವಳಿಕೆ ಲೋಕಕ್ಕೆ, ಅಪಾಯವೇನಾದರೂ ಇದ್ದರೆ ಅವರಿಗೆ. ಆದುದರಿಂದಲೇ ಸಂಶೋಧಕನಲ್ಲದ ಬೇರೊಬ್ಬರು ಇದನ್ನು ತೂಗಿನೋಡಬೇಕು. ಅಮೆರಿಕದಲ್ಲಿ 1975ರಲ್ಲಿ ಇದಕ್ಕೆಂದೇ ಸಮಿತಿಗಳ ನಿಯಮ ಬಂತು. ಸಮಿತಿಯಲ್ಲಿ ಕನಿಷ್ಠ ಐವರು ಸದಸ್ಯರು. ವಿಕಿರಣ ವೈದ್ಯ, ಔಷಧ ತಯಾರಿಕೆ ಬಲ್ಲವರು, ವಿಕಿರಣ ಸುರಕ್ಷತೆ ಬಲ್ಲವರು ಅವರಲ್ಲಿರಲೇಬೇಕು. 18 ತುಂಬದವರಿಗೆ ವಯಸ್ಕರ ಮಿತಿಯ ಹತ್ತನೆಯ ಒಂದು ಪಾಲನ್ನು ಮೀರುವಂತಿಲ್ಲ. ಗರ್ಭಿಣಿಯರನ್ನು ಸೇರಿಸಿಕೊಳ್ಳುವಂತಿಲ್ಲ.

ನಮ್ಮ ದೇಶದಲ್ಲಿ ವಿಕಿರಣದ ಸುರಕ್ಷತೆಯನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಹೊಸ ಔಷಧಗಳ ಪರೀಕ್ಷೆಗೆ 2019ರ ನಿಯಮಗಳಂತೆ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಅದರಲ್ಲಿ ಕನಿಷ್ಠ ಏಳು ಮಂದಿ. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರು. ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ, ಜನಸಾಮಾನ್ಯರಲ್ಲಿ ಒಬ್ಬರು ಇರಲೇಬೇಕು.

ಸಮಿತಿ ಕೇಳಬೇಕಾದ ಮೊದಲ ಪ್ರಶ್ನೆ, ವಿಕಿರಣವಿಲ್ಲದ ದಾರಿಯೇ ಇಲ್ಲವೆ ಎಂಬುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಪೌಷ್ಟಿಕತೆಯ ಅಧ್ಯಯನಕ್ಕೆ ವಿಕಿರಣ ಸೂಸದ ಕಾರ್ಬನ್-13 ಬಳಸಿದ್ದಾರೆ. ಇಂಥ ದಾರಿ ಸಾಕಾಗುವ ಕಡೆ ವಿಕಿರಣವೇಕೆ?

ಎರಡನೆಯದು ಒಪ್ಪಿಗೆಯ ಮಾತು. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯ ಹೆಣ್ಣುಮಗಳೊಬ್ಬಳನ್ನು ನಾಳೆ ಇಂಥ ಪರೀಕ್ಷೆಗೆ ಕರೆದರೆಂದುಕೊಳ್ಳೋಣ. ಬಳ್ಳಾರಿ ಸೀಮೆಯಲ್ಲಿ ಕನ್ನಡವೂ ಉಂಟು, ತೆಲುಗೂ ಉಂಟು. ಆಕೆಗೆ ತಿಳಿಯುವ ಮಾತಿನಲ್ಲಿಯೇ ಹೇಳಬೇಕು. ಓದು ಬಾರದಿದ್ದರೆ, ಪರೀಕ್ಷೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಮುಂದೆ ಓದಿಹೇಳಬೇಕು, ಇದೂ ನಿಯಮವೇ. ಒಲ್ಲೆನೆಂದರೆ ಆಕೆಯ ಚಿಕಿತ್ಸೆಗೆ ಕುಂದು ಬರಕೂಡದು.

ಹೆಬ್ಬೆಟ್ಟಿನ ಗುರುತು ಬಿದ್ದ ಕಾಗದವೆಲ್ಲ ಒಪ್ಪಿಗೆಯಲ್ಲ. ಏನು ಕೊಡುವರು, ಏಕೆ ಕೊಡುವರು, ಬೇಡವೆನ್ನಬಹುದೆ: ಈ ಮೂರಕ್ಕೆ ಆಕೆ ತನ್ನ ಮಾತಿನಲ್ಲಿ ಉತ್ತರ ಹೇಳಬಲ್ಲಳಾದರೆ ಅದು ಒಪ್ಪಿಗೆ. ಅಲ್ಲಿಯವರೆಗೆ ಪರೀಕ್ಷೆಯನ್ನು ತಡೆದು ನಿಲ್ಲಿಸುವುದು ಸಮಿತಿಯ ಕರ್ತವ್ಯ.