ಬೇಲಿಯಿಲ್ಲದ ಹೊಲಗಳು: ಲ್ಯಾಕ್ಸ್‌ಟನ್ ಗ್ರಾಮದಲ್ಲಿ ಒಂದು ದಿನ



ಈ ದೇಶಕ್ಕೆ ಬಂದು ನೆಲೆಸಿದ ನಮ್ಮವರು ಕಾಣುವ ಇಂಗ್ಲೆಂಡ್ ಬಹುಮಟ್ಟಿಗೆ ದುಡಿಯುವ ಊರು, ಮಕ್ಕಳು ಓದುವ ಊರು, ನೆಂಟರು ಬಂದಾಗ ತೋರಿಸುವ ಲಂಡನ್ ಇಷ್ಟೇ. ಹಳ್ಳಿಯೆಂದರೆ ಕಾರಿನ ಕಿಟಕಿಯಾಚೆ ಸರಿದುಹೋಗುವ ಹಸಿರು. ಬಹಳವಾದರೆ ಕಾಟ್ಸ್‌ವೋಲ್ಡ್ಸ್ ಸೀಮೆಯ ಜೇನುಬಣ್ಣದ ಕಲ್ಲುಮನೆಗಳ ಮುಂದೆ ನಿಂತು ತೆಗೆಸಿಕೊಂಡ ಛಾಯಾಚಿತ್ರ. ನಾವು ಇಂದು ಹೇಳಹೊರಟಿರುವ ಹಳ್ಳಿಗೆ ಅಂತಹ ಚೆಲುವಿಲ್ಲ. ನಾಟಿಂಗ್‌ಹ್ಯಾಂಷೈರಿನ ಲ್ಯಾಕ್ಸ್‌ಟನ್, ಎ-1 ಹೆದ್ದಾರಿಯಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದಲ್ಲಿರುವ, ಕೆಂಪು ಇಟ್ಟಿಗೆಯ ಸಾಧಾರಣ ಊರು. ಆದರೂ ಕರ್ನಾಟಕದ ಹಳ್ಳಿಗಳಿಂದ ಬಂದವರಿಗೆ ಈ ನಾಡಿನಲ್ಲಿ ಇದಕ್ಕಿಂತ ಪರಿಚಿತವೆನಿಸುವ ಊರು ಸಿಗಲಾರದೆಂದು ನಮ್ಮ ಅನಿಸಿಕೆ.

ಇಂಗ್ಲೆಂಡಿನಲ್ಲಿ ಬಹುಕಡೆ ರೈತನ ಮನೆ ತನ್ನ ಹೊಲಗಳ ನಡುವೆ, ಹಸಿರು ಬೇಲಿಗಳ ಮರೆಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಲ್ಯಾಕ್ಸ್‌ಟನ್ನಿನಲ್ಲಾದರೋ ರೈತರ ಮನೆಗಳೂ ಕೊಟ್ಟಿಗೆಗಳೂ ನಮ್ಮ ಹಳ್ಳಿಗಳಂತೆ ಊರಬೀದಿಯ ಉದ್ದಕ್ಕೂ ಇವೆ, ಹೊಲ ಊರಾಚೆಗೆ. ಒಬ್ಬನ ಹೊಲವೂ ಒಂದೇ ಕಡೆಯಲ್ಲಿಲ್ಲ. ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ವಿಶಾಲ ಬಯಲುಗಳಲ್ಲಿ ಪಟ್ಟಿಪಟ್ಟಿಯಾಗಿ ಹರಡಿಕೊಂಡಿದೆ. ಪಟ್ಟಿಗಳ ನಡುವೆ ಬೇಲಿಯಿಲ್ಲ. ಒಂದು ಬಯಲಿನಲ್ಲಿ ಚಳಿಗಾಲದ ಗೋಧಿ, ಮತ್ತೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದಕ್ಕೆ ಬಿಡುವು. ವರ್ಷವರ್ಷಕ್ಕೂ ಸರದಿ ಬದಲಾಗುತ್ತದೆ. ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುನಾಡೆಲ್ಲ ಹೀಗೆಯೇ ಉಳುತ್ತಿತ್ತು.

ಆ ಪಟ್ಟಿಗಳು ಉದ್ದವಾಗಿ, ಕಿರಿದಾಗಿ ಇರುವುದೇಕೆಂದು ನೇಗಿಲು ಹಿಡಿದವರಿಗೆ ವಿವರಿಸಬೇಕಾಗಿಲ್ಲ. ಹೂಡಿದ ಎತ್ತುಗಳನ್ನು ತಿರುಗಿಸುವುದೇ ಉಳುಮೆಯಲ್ಲಿ ತೊಡಕಿನ ಕೆಲಸ. ಸಾಲು ಉದ್ದವಾದಷ್ಟೂ ತಿರುವು ಕಡಿಮೆ. ಆ ಸಾಲಿನ ಉದ್ದವೇ ‘ಫರ್ಲಾಂಗ್’ ಎಂಬ ಮಾತಿನ ಮೂಲ. ಒಂದು ಫರ್ಲಾಂಗ್ ಎಂದರೆ 220 ಗಜ. ಅಷ್ಟು ಉದ್ದ, 22 ಗಜ ಅಗಲದ ನೆಲವೇ ಒಂದು ಎಕರೆ, ಅಂದರೆ 4,840 ಚದರ ಗಜ. ಬ್ರಿಟಿಷರ ಕಾಲದ ಮೋಜಣಿಯೊಡನೆ ಈ ಎಕರೆ ನಮ್ಮ ಪಹಣಿಗೂ ಬಂದಿತು. 33 ಅಡಿ ಚೌಕದ ಗುಂಟೆ, ಅಂಥ 40 ಗುಂಟೆ ಸೇರಿ ಎಕರೆ: ಲೆಕ್ಕ ಹಾಕಿ ನೋಡಿ, ಒಂದು ಗಜವೂ ಹೆಚ್ಚುಕಡಿಮೆಯಾಗದು! ಹಾಸನದ ರಾಗಿಹೊಲವನ್ನು ಇಂದಿಗೂ ಇಂಗ್ಲೆಂಡಿನ ಎತ್ತಿನ ನಡಿಗೆಯಲ್ಲೇ ಅಳೆಯುತ್ತಿದ್ದೇವೆ.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬಾತ ಈ ಗ್ರಾಮದ ಪಟ್ಟಿಗಳನ್ನೆಲ್ಲ ಗುರುತಿಸಿ ಬರೆದ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಆಮೇಲೆ ದೇಶದ ಉಳಿದೆಡೆ ಏನಾಯಿತೆಂಬುದು ನೋವಿನ ಕಥೆ. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಶಾಸನಗಳನ್ನು ಮಾಡಿ ಸುಮಾರು 68 ಲಕ್ಷ ಎಕರೆ ಭೂಮಿಗೆ, ಎಂದರೆ ಇಂಗ್ಲೆಂಡಿನ ಐದನೆಯ ಒಂದು ಪಾಲಿಗೆ, ಬೇಲಿ ಹಾಕಿಸಿತು. ಒಡೆಯರಿಗೆ ಇಡಿಯಾದ ಜಮೀನು ದೊರೆಯಿತು. ಒಂದೇ ಹಸುವಿದ್ದ ಬಡವ ಮಾತ್ರ ಅದನ್ನು ಮೇಯಿಸುವ ಹಕ್ಕನ್ನು ಕಳೆದುಕೊಂಡ. ನಾವು ಮೆಚ್ಚಿ ನೋಡುವ ಚೌಕಾಕಾರದ ಹಸಿರು ಹೊಲಗಳಲ್ಲಿ ಎಷ್ಟೋ ಈ ರೀತಿ ಹುಟ್ಟಿದವು. ಲ್ಯಾಕ್ಸ್‌ಟನ್ ಉಳಿದದ್ದು ಯಾರ ಉದಾತ್ತತೆಯಿಂದಲೂ ಅಲ್ಲ. ಇಬ್ಬರು ದೊಡ್ಡ ಭೂಮಾಲೀಕರಲ್ಲಿ ಒಮ್ಮತ ಮೂಡದ್ದರಿಂದ ಎಂದು ಹೇಳುತ್ತಾರೆ. ಜಗಳದಿಂದಲೂ ಒಮ್ಮೊಮ್ಮೆ ಲಾಭವುಂಟು.

ನಮ್ಮೊಡನೆ ಬಂದಿದ್ದ ಹಿರಿಯರೊಬ್ಬರು, ಊರಿನಲ್ಲಿ ಜೀವಮಾನವಿಡೀ ಬೇಸಾಯ ಮಾಡಿದವರು, ಮಿಲ್ ಫೀಲ್ಡಿನ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದರು. “ಬೇಲಿ ಇಲ್ಲ ಸರಿ. ಪಕ್ಕದೋನು ಒಂದು ಸಾಲು ಒತ್ತಿ ಉತ್ತರೆ ಕೇಳೋರು ಯಾರಪ್ಪ?” ಎಂದರು.

ಕೇಳುವವರಿದ್ದಾರೆ. ‘ಕೋರ್ಟ್ ಲೀಟ್’ ಎಂಬ ಗ್ರಾಮ ನ್ಯಾಯಸಭೆ ಇಲ್ಲಿ ಇನ್ನೂ ಜೀವಂತವಾಗಿದೆ. ಪ್ರತಿವರ್ಷ ನವೆಂಬರ್ ಕೊನೆಯ ಹೊತ್ತಿಗೆ, ಗೋಧಿ ಬಿತ್ತಿದ ಬಯಲಿಗೆ ಪಂಚರು ಹೋಗುತ್ತಾರೆ. ಪಂಚರೆಂದರೆ ಹೊರಗಿನ ಅಧಿಕಾರಿಗಳಲ್ಲ, ಅದೇ ಊರಿನವರು. ಗಡಿಯ ಗೂಟಗಳನ್ನು ಪರೀಕ್ಷಿಸಿ, ಬೇಕಾದೆಡೆ ಹೊಸದನ್ನು ನೆಡುತ್ತಾರೆ. ದಾರಿಯನ್ನಾಗಲಿ, ಉಳಬಾರದ ಹುಲ್ಲುಗಾವಲನ್ನಾಗಲಿ ಯಾರಾದರೂ ಒತ್ತುವರಿ ಮಾಡಿದ್ದರೆ ದಂಡ ಗೊತ್ತುಮಾಡುತ್ತಾರೆ. ವಾರದ ನಂತರ ಡವ್‌ಕೋಟ್ ಇನ್ ಎಂಬ ಊರಿನ ಪಾನಗೃಹದಲ್ಲಿ ಸಭೆ ಸೇರುತ್ತದೆ. ಮುಂದಿನ ವರ್ಷದ ಪಂಚರು ಪ್ರಮಾಣವಚನ ಸ್ವೀಕರಿಸುತ್ತಾರೆ. 1977ರ ಕಾಯಿದೆಯೊಂದು ಇಂತಹ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನದನ್ನು ಉಳಿಸಿತು. ದಂಡದ ಮೊತ್ತ ಅಲ್ಪವೇ. ಆದರೆ ದಿನಬೆಳಗಾದರೆ ಮುಖ ನೋಡಬೇಕಾದ ನೆರೆಯವರೆದುರು ತಲೆತಗ್ಗಿಸಬೇಕಲ್ಲ!

ಉಳಬಾರದ ಆ ಹುಲ್ಲುಪಟ್ಟಿಗಳಿಗೆ ‘ಸೈಕ್’ ಎಂದು ಹೆಸರು. ಅಲ್ಲಿನ ಹುಲ್ಲನ್ನು ವರ್ಷವರ್ಷವೂ ಹರಾಜು ಹಾಕುತ್ತಾರೆ. ನೇಗಿಲು ತಾಗದ ಕಾರಣ ಬೇಸಿಗೆಯಲ್ಲಿ ಕಾಡುಹೂಗಳು ತುಂಬಿರುತ್ತವೆ. ನಮಗೆ ಗೋಮಾಳದ ನೆನಪಾಯಿತು. ನಮ್ಮೂರುಗಳ ಗೋಮಾಳ ಎಷ್ಟು ಉಳಿದಿದೆಯೆಂದು ಇಲ್ಲಿ ಕುಳಿತವರೆಲ್ಲ ಬಲ್ಲಿರಿ.

ಲ್ಯಾಕ್ಸ್‌ಟನ್ನಿನ ಒಡೆತನ ಹಲವು ಕೈ ಬದಲಿಸಿದೆ. 1952ರಲ್ಲಿ ಕೃಷಿ ಸಚಿವಾಲಯ ಕೊಂಡಿತು, 1981ರಲ್ಲಿ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಹಿಂದಿನ ಒಡೆಯರಾದ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು. ಒಡೆಯರು ಬದಲಾದರೂ ಪದ್ಧತಿ ನಿಂತಿದೆ. ಅದಕ್ಕೆ ನಿಜವಾಗಿ ಬೇಕಾದದ್ದು ಊರಿನಲ್ಲೇ ಇದ್ದು ಉಳುವವರು. ಅವರ ಸಂಖ್ಯೆ ಹಿಂದಿಗಿಂತ ಬಹಳ ಇಳಿದಿದೆ. ಗಡಿ ನೋಡಲು ಪಂಚರೇ ಇಲ್ಲದಿದ್ದರೆ ಕಾಯಿದೆಯಿದ್ದೂ ಫಲವೇನು?

ನಮ್ಮಲ್ಲನೇಕರ ಹೆಸರು ಇಂದಿಗೂ ಊರಿನ ಪಹಣಿಯಲ್ಲಿದೆ. ಆ ಹೊಲದ ಬದುವಿನ ಮೇಲೆ ಕಾಲಿಟ್ಟು ಎಷ್ಟು ವರ್ಷವಾಯಿತೆಂದು ಆ ಹಿರಿಯರು ಮರಳುವ ದಾರಿಯಲ್ಲಿ ಒಬ್ಬೊಬ್ಬರನ್ನಾಗಿ ಕೇಳಿದರು. ಕೆಲವರು ಬೆರಳೆಣಿಸಿದರು, ಕೆಲವರು ಕಿಟಕಿಯಾಚೆ ನೋಡಿದರು. ಸರ್ವೆ ನಂಬರನ್ನು ತಪ್ಪಿಲ್ಲದೆ ಹೇಳಿದವರು ಇಬ್ಬರೇ.

ಹೋಗಬಯಸುವವರು ಜೂನ್ ತಿಂಗಳಲ್ಲಿ ಹೋಗಿ. ಹುಲ್ಲು ಕೊಯ್ಯುವ ಮುನ್ನ ಹೂಗಳನ್ನು ಕಾಣಬಹುದು. ಗಟ್ಟಿ ಬೂಟು ಇರಲಿ. ಅಲ್ಲಿಯದು ಜೇಡಿಮಣ್ಣು; ಮಳೆ ಬಿದ್ದರೆ ನಮ್ಮ ಎರೆಯಂತೆಯೇ ಕಾಲಿಗೆ ಮೆತ್ತಿಕೊಳ್ಳುತ್ತದೆ.